'ಕೆಲವೇ ದಿನ ಮಾತ್ರ' ಅಂದ ತಕ್ಷಣ ಓಡಬೇಕಾ?

ಪ್ರಶ್ನೆ: ಅಮೆರಿಕದಲ್ಲಿ ಯಾವ ಫಾಸ್ಟ್ ಫುಡ್ ಅಂಗಡಿಗೆ ಹೋದರೂ 'ಲಿಮಿಟೆಡ್ ಟೈಮ್' ಅಂತ ಒಂದು ಹೊಸ ಐಟಂ ಇದ್ದೇ ಇರುತ್ತದೆ. ಮಕ್ಕಳು ರೀಲ್ಸ್ ನೋಡಿ ಹಟ ಮಾಡುತ್ತಾರೆ. ಅವು ನಿಜಕ್ಕೂ ಅಷ್ಟು ಚೆನ್ನಾಗಿರುತ್ತವಾ, ಇಲ್ಲ ಸುಮ್ನೆ ಗದ್ದಲವಾ?

ಉತ್ತರ: ಬಹುಪಾಲು ಸುಮ್ನೆ ಗದ್ದಲ. ಒಂದೆರಡು ಚೆನ್ನಾಗಿರುತ್ತವೆ, ಇಲ್ಲ ಅನ್ನಲ್ಲ. ಆದರೆ ಅವು ಚೆನ್ನಾಗಿರುವುದಕ್ಕೂ 'ಕೆಲವೇ ದಿನ' ಅನ್ನುವುದಕ್ಕೂ ಏನೇನೂ ಸಂಬಂಧವಿಲ್ಲ.

ನಮ್ಮಲ್ಲಿ ಸೊಗಡಿನ ಅವರೆಕಾಯಿ ಚಳಿಗಾಲಕ್ಕೆ ಬರುತ್ತದೆ, ಬೆಳೆ ಮುಗಿದರೆ ಮುಗಿಯಿತು, ಎಷ್ಟು ದುಡ್ಡು ಕೊಡುತ್ತೇನೆ ಅಂದರೂ ಆಗಸ್ಟ್‌ನಲ್ಲಿ ಆ ಘಮ ಸಿಗುವುದಿಲ್ಲ. ಅಂಥ ತಿಂಡಿಗೆ ಕಾದು ಕೂರುವುದರಲ್ಲಿ ಅರ್ಥವಿದೆ. ಮೆಕ್‌ಡೊನಾಲ್ಡ್ಸ್‌ನ ಮೆಕ್‌ರಿಬ್ ಅನ್ನುವ ಹಂದಿಮಾಂಸದ ಸ್ಯಾಂಡ್‌ವಿಚ್‌ಗೆ ಯಾವ ಸೀಸನ್? ಹಂದಿಮಾಂಸ ವರ್ಷವಿಡೀ ಸಿಗುತ್ತದೆ. ಜರ್ಮನಿಯಲ್ಲಂತೂ ಮೆಕ್‌ರಿಬ್ ವರ್ಷಪೂರ್ತಿ ಮೆನುವಿನಲ್ಲೇ ಇರುತ್ತದೆ, ಅಲ್ಲಿ ಯಾರೂ ಅದಕ್ಕಾಗಿ ಕಾರು ಹತ್ತಿ ಊರೂರು ಹುಡುಕುವುದಿಲ್ಲ.

ಈ ಮೆಕ್‌ರಿಬ್ ಕಥೆ ಸ್ವಲ್ಪ ಕೇಳಿ, ಇಡೀ ಆಟ ಅದರಲ್ಲೇ ಇದೆ. 1981ರಲ್ಲಿ ಬಂತು. ಅಷ್ಟೇನೂ ಓಡಲಿಲ್ಲ, 1985ರಲ್ಲಿ ತೆಗೆದರು. ಆಮೇಲೆ ಮತ್ತೆ ತಂದರು. 2005ರಲ್ಲಿ 'ವಿದಾಯದ ಪ್ರವಾಸ' ಅಂತ ಘೋಷಿಸಿದರು. 2006ರಲ್ಲೂ ವಿದಾಯ, 2007ರಲ್ಲೂ ವಿದಾಯ, ಮಧ್ಯೆ ಹಲವು ಸಲ ಬಂದು ಹೋಗಿ 2022ರಲ್ಲಿ ಇನ್ನೊಂದು ವಿದಾಯ, ಅದಾಗಿ ಮರುವರ್ಷವೇ ಕೆಲವು ಕಡೆ ಮತ್ತೆ ಪ್ರತ್ಯಕ್ಷ! ಹೆಸರಿನಲ್ಲಿ ರಿಬ್ ಇದೆ, ಒಳಗೆ ಪಕ್ಕೆಲುಬು ಇಲ್ಲ. ಮಾಂಸವನ್ನು ಸಣ್ಣಗೆ ಮಾಡಿ, ಮೂಳೆಯ ಉಬ್ಬು ಕಾಣುವ ಹಾಗೆ ಅಚ್ಚಿಗೆ ಒತ್ತಿ, ಮೇಲೆ ಬಾರ್ಬೆಕ್ಯೂ ಸಾಸ್ ಸುರಿದು, ಈರುಳ್ಳಿ, ಸೌತೆಕಾಯಿ ಉಪ್ಪಿನಕಾಯಿ ಇಟ್ಟು ಉದ್ದನೆಯ ಬನ್‌ನಲ್ಲಿ ಕೊಡುತ್ತಾರೆ. ಮಾಂಸವನ್ನು ಹೀಗೆ ಒತ್ತಿ ಜೋಡಿಸುವ ವಿಧಾನದ ಮೇಲೆ 1970ರ ದಶಕದಲ್ಲಿ ನೆಬ್ರಾಸ್ಕಾ ವಿಶ್ವವಿದ್ಯಾಲಯದಲ್ಲಿ ಕೆಲಸ ನಡೆದಿತ್ತು. ಹಂದಿಮಾಂಸದ ಬೆಲೆ ಇಳಿದಾಗಲೇ ಮೆಕ್‌ರಿಬ್ ಬರುತ್ತದೆ ಅಂತ ಅಮೆರಿಕದಲ್ಲಿ ಒಂದು ವಾದವಿದೆ. ಅದು ಬರೀ ಊಹೆ, ಆದರೆ ಕೇಳಿದರೆ ಇದ್ದರೂ ಇರಬಹುದು ಅನಿಸುತ್ತದೆ, ಅಲ್ವಾ?

ಹಾಗಾದರೆ ಜನ ಯಾಕೆ ಮುಗಿಬೀಳುತ್ತಾರೆ? ಇದಕ್ಕೆ 1975ರ ಒಂದು ಪ್ರಯೋಗ ನನಗೆ ತುಂಬಾ ಇಷ್ಟ. ಸ್ಟೀಫನ್ ವರ್ಚೆಲ್ ಎಂಬ ಮನಶ್ಶಾಸ್ತ್ರಜ್ಞ ಮತ್ತು ಜೊತೆಯವರು ಕೆಲವರಿಗೆ 10 ಬಿಸ್ಕತ್ತಿರುವ ಜಾಡಿಯಿಂದ ಒಂದು ಕೊಟ್ಟರು, ಇನ್ನು ಕೆಲವರಿಗೆ ಎರಡೇ ಎರಡು ಬಿಸ್ಕತ್ತಿರುವ ಜಾಡಿಯಿಂದ ಒಂದು. ಬಿಸ್ಕತ್ತು ಎರಡರಲ್ಲೂ ಅದೇ. ಎರಡಿದ್ದ ಜಾಡಿಯಿಂದ ತಿಂದವರು ಇದು ಇನ್ನೂ ಬೇಕು, ಇದಕ್ಕೆ ಬೆಲೆ ಜಾಸ್ತಿ ಇರಬೇಕು ಅಂದರು. ಆದರೆ ರುಚಿ ಹೇಗಿದೆ ಅಂತ ಕೇಳಿದಾಗ ಅವರ ಬಿಸ್ಕತ್ತೇನೂ ಹೆಚ್ಚು ರುಚಿ ಅನಿಸಿರಲಿಲ್ಲ! ಕಡಿಮೆ ಇದೆ ಅಂದರೆ ಆಸೆ ಹೆಚ್ಚುತ್ತದೆ, ನಾಲಿಗೆಗೆ ಅದರ ಸುದ್ದಿಯೇ ಇಲ್ಲ. ನಿಮ್ಮ ಪ್ರಶ್ನೆಗೆ ಅರ್ಧ ಉತ್ತರ ಇಲ್ಲೇ ಸಿಕ್ಕಿತು.

ಇದರ ಅತಿರೇಕ ನೋಡಬೇಕಾದರೆ ಸೆಚುವಾನ್ ಸಾಸ್ ಪ್ರಸಂಗ. 1998ರಲ್ಲಿ ಒಂದು ಸಿನಿಮಾದ ಪ್ರಚಾರಕ್ಕೆ ಮೆಕ್‌ಡೊನಾಲ್ಡ್ಸ್ ಆ ಸಾಸ್ ಕೊಟ್ಟು ನಿಲ್ಲಿಸಿತ್ತು. 2017ರಲ್ಲಿ ಒಂದು ಟಿವಿ ಕಾರ್ಟೂನ್ ಅದರ ಹೆಸರೆತ್ತಿದ್ದೇ ತಡ, ಬೇಕು ಬೇಕು ಅಂತ ಕೂಗು ಶುರುವಾಯಿತು. ಆ ವರ್ಷ ಅಕ್ಟೋಬರ್ 7ಕ್ಕೆ ಒಂದೇ ದಿನ ಕೊಡುತ್ತೇವೆ ಅಂದರು. ಅಂಗಡಿಗಳಿಗೆ ಹೋಗಿದ್ದು ಕೆಲವೇ ಪೊಟ್ಟಣ, ಬಂದಿದ್ದು ಉದ್ದುದ್ದ ಸಾಲು. ಕೆಲವು ಕಡೆ ಪೊಲೀಸರು ಬರಬೇಕಾಯಿತು. ಬರೀ ನಂಚಿಕೊಳ್ಳುವ ಸಾಸ್‌ಗೆ! ಮರುವರ್ಷ ಫೆಬ್ರವರಿಯಲ್ಲಿ ಕಂಪನಿ 2 ಕೋಟಿ ಪೊಟ್ಟಣ ತಂದಿತು. ಕೇಳಿದವರಿಗೆಲ್ಲ ಸಿಗುವ ಹಾಗಾದ ಮೇಲೆ ಆ ಹುಚ್ಚೂ ಇಳಿಯಿತು.

ಇನ್ನು ಅಡುಗೆಮನೆ ಕಡೆಯಿಂದ ನೋಡಿ. ಕಾರಿನಲ್ಲಿ ಕೂತೇ ತಿಂಡಿ ಕೊಳ್ಳುವ ಡ್ರೈವ್‌ಥ್ರೂನಲ್ಲಿ ಕಾರುಗಳು ಸಾಲಾಗಿ ನಿಂತಿರುತ್ತವೆ, ಒಂದೊಂದು ಆರ್ಡರ್‌ಗೂ ಸೆಕೆಂಡ್ ಲೆಕ್ಕ. ಒಂದೂವರೆ ತಿಂಗಳು ಮಾರುವ ಐಟಂಗಾಗಿ ಸಾವಿರಾರು ಅಂಗಡಿಗಳಿಗೆ ಹೊಸ ಮೆಷಿನ್ ಹಾಕಿಸಿ, ಕೆಲಸದವರಿಗೆ ಹೊಸದಾಗಿ ಕಲಿಸುವುದು ಕಷ್ಟ. ಹಾಗಾಗಿ ಸಾಮಾನ್ಯವಾಗಿ ಅದೇ ಬನ್, ಅದೇ ಪ್ಯಾಟಿ, ಹೊಸದು ಅಂದರೆ ಒಂದು ಸಾಸು ಅಥವಾ ಬೇರೆ ಚೀಸು. ಪೋಸ್ಟರ್ ನೋಡಿ ಹೆಸರನ್ನು ಮರೆತುಬಿಡಿ, ಒಳಗೆ ಏನೇನಿದೆ ಅಂತ ಓದಿ. ಸಾಸ್ ಬಿಟ್ಟು ಉಳಿದದ್ದೆಲ್ಲ ಹಳೆಯದಾದರೆ ಆ ತಿಂಡಿಯನ್ನು ನೀವು ಆಗಲೇ ತಿಂದಿದ್ದೀರಿ. ಮೆಕ್ಸಿಕನ್ ಶೈಲಿಯ ತಿಂಡಿ ಮಾರುವ ಟ್ಯಾಕೊ ಬೆಲ್ 2012ರಲ್ಲಿ ಡೊರಿಟೋಸ್ ಚಿಪ್ಸನ್ನೇ ಟ್ಯಾಕೊದ (ಮಡಿಸಿದ ರೊಟ್ಟಿಯೊಳಗೆ ಹೂರಣ ತುಂಬಿದ ತಿಂಡಿ) ಹೊರಕವಚ ಮಾಡಿತಲ್ಲ, ಅದು ನಿಜವಾಗಿ ಹೊಸದು. ಚೆನ್ನಾಗಿ ಮಾರಾಟವಾಯಿತು, ಮೆನುವಿನಲ್ಲೇ ಉಳಿಯಿತು.

ಸ್ಟಾರ್‌ಬಕ್ಸ್‌ನ ಪಂಪ್ಕಿನ್ ಸ್ಪೈಸ್ ಲಾಟೆ ಬಗ್ಗೆಯೂ ಜನ ಕೇಳುತ್ತಾರೆ. 2003ರಲ್ಲಿ ಬಂದ ಹಾಲಿನ ಕಾಫಿ ಅದು, 2015ರವರೆಗೆ ಅದರಲ್ಲಿ ಕುಂಬಳಕಾಯಿಯೇ ಇರಲಿಲ್ಲ. ಇದ್ದದ್ದು ಚೆಕ್ಕೆ, ಲವಂಗ, ಜಾಯಿಕಾಯಿ, ಶುಂಠಿಯ ಪರಿಮಳ, ಅದು ನಮ್ಮ ಮನೆ ಡಬ್ಬಿಯಲ್ಲೇ ಇದೆ. ಗ್ರಾಂಡೆ ಅನ್ನುವ ಅವರ ಮಧ್ಯಮ ಗಾತ್ರದ ಕಪ್ಪಿನಲ್ಲಿ ಸುಮಾರು 50 ಗ್ರಾಂ ಸಕ್ಕರೆ. ಚಳಿ ಶುರುವಾಗುವ ಹೊತ್ತಿಗೆ ಒಂದು ಸಲ ಕುಡಿಯಿರಿ, ಬೇಡ ಅನ್ನಲ್ಲ.

ಗದ್ದಲಕ್ಕೆ ತಕ್ಕ ತಿಂಡಿ ಅಂತ ನಾನು ಒಪ್ಪುವುದು ಟ್ಯಾಕೊ ಬೆಲ್‌ನ ಮೆಕ್ಸಿಕನ್ ಪಿಜ್ಜಾ. (ಮಲ್ಲೇಶ್ವರದ ಮಂತ್ರಿ ಮಾಲ್‌ಗೆ 2010ರಲ್ಲಿ ಬಂತಲ್ಲ, ಅದೇ ಟ್ಯಾಕೊ ಬೆಲ್, ಅದೇ ಭಾರತದಲ್ಲಿ ಅವರ ಮೊದಲ ಅಂಗಡಿ.) ಎರಡು ಗರಿಗರಿ ಟಾರ್ಟಿಯಾ (ತೆಳು ರೊಟ್ಟಿ), ನಡುವೆ ಬೀನ್ಸು ಮತ್ತು ಬೀಫು, ಮೇಲೆ ಸಾಸು, ಚೀಸು, ಟೊಮೆಟೊ. ಬೀಫ್ ಬದಲು ಇನ್ನಷ್ಟು ಬೀನ್ಸ್ ಹಾಕಿಸಿಕೊಂಡರೆ ಹೊಟ್ಟೆ ತುಂಬುವ ಸಸ್ಯಾಹಾರಿ ಊಟ. ಅದಕ್ಕೇ ಅಮೆರಿಕದ ಭಾರತೀಯ ಮನೆಗಳಲ್ಲಿ ಅದಕ್ಕೆ ಬೇರೆಯದೇ ಪ್ರೀತಿ. 2020ರ ನವೆಂಬರ್‌ನಲ್ಲಿ ತೆಗೆದುಹಾಕಿದಾಗ ವಾಪಸ್ ತರಿ ಅಂತ ಮನವಿಗೆ ಒಂದೂವರೆ ಲಕ್ಷಕ್ಕೂ ಹೆಚ್ಚು ಜನ ಸಹಿ ಹಾಕಿದರು, ಅದನ್ನು ಶುರು ಮಾಡಿದವರೂ ಭಾರತೀಯ ಮೂಲದವರೇ. 2022ರ ಮೇ ತಿಂಗಳಲ್ಲಿ ವಾಪಸ್ ತಂದರೆ ಬೇಡಿಕೆ ಮೊದಲಿಗಿಂತ ಏಳು ಪಟ್ಟು ಅಂತ ಕಂಪನಿಯೇ ಹೇಳಿತು. ಸಾಮಾನು ಸಾಲದೆ ಮತ್ತೆ ನಿಂತಿತು, ಸೆಪ್ಟೆಂಬರ್‌ನಲ್ಲಿ ಕಾಯಂ ಆಗಿ ಬಂತು. ಇದು ಹೊಸ ಐಟಂ ಅಲ್ಲ ಗೊತ್ತಾಯಿತಾ? 1985ರಿಂದ ಇದ್ದದ್ದು. ಜನ ವರ್ಷಗಟ್ಟಲೆ ತಿಂದು, ಮೆಚ್ಚಿ, ಆಮೇಲೆ ಕೇಳಿದ್ದು.

ಮಕ್ಕಳ ವಿಷಯಕ್ಕೆ ಬರೋಣ. ಬಿಡುಗಡೆಯಾದ ಮೊದಲ ವಾರ ಹೋಗಬೇಡಿ, ಆಗ ಸಾಲೂ ಜಾಸ್ತಿ, ಕೆಲಸದವರಿಗೂ ಇನ್ನೂ ಕೈ ಕೂತಿರುವುದಿಲ್ಲ. ಎರಡನೇ ವಾರಕ್ಕೂ ಕೇಳಿದರೆ ಒಂದೇ ಒಂದು ತಂದು ಎಲ್ಲರೂ ಹಂಚಿಕೊಳ್ಳಿ. ಕೇಳದೆ ಹೋದರೆ ಇನ್ನೂ ಒಳ್ಳೆಯದು, ಸಾಮಾನ್ಯವಾಗಿ ಆಗುವುದೂ ಅದೇ. ಮನೆಯಲ್ಲಿ ಸಸ್ಯಾಹಾರಿಗಳಿದ್ದರೆ ಹೊಸ ಐಟಂ ನೋಡಿದ ಕೂಡಲೇ ನಂಬಬೇಡಿ. ಅಮೆರಿಕದ ಮೆಕ್‌ಡೊನಾಲ್ಡ್ಸ್‌ನಲ್ಲಿ ಬರೀ ಆಲೂಗಡ್ಡೆ ಫ್ರೈಸ್‌ಗೂ ಬೀಫ್ ಫ್ಲೇವರ್ ಸೇರಿಸಿರುತ್ತಾರೆ, ಅಂಥದ್ದರಲ್ಲಿ ಹೊಸ ಸಾಸ್‌ನಲ್ಲಿ ಏನಿದೆಯೋ. ಅವರ ಆ್ಯಪ್‌ನಲ್ಲಿ ಪದಾರ್ಥಗಳ ಪಟ್ಟಿ ಇರುತ್ತದೆ, ಅದನ್ನು ನೋಡಿಯೇ ಆರ್ಡರ್ ಮಾಡಿ. ಮೆಕ್ಸಿಕನ್ ಪಿಜ್ಜಾ ತರಿಸುವಾಗಲೂ ಬೀಫ್ ತೆಗೆದು ಬೀನ್ಸ್ ಒತ್ತಿದ್ದೀರಾ ಅಂತ ಇನ್ನೊಮ್ಮೆ ನೋಡಿಕೊಳ್ಳಿ.