ಕಾರಿನ ಎಸಿ ಫಿಲ್ಟರ್ ಜರಡಿಯಲ್ಲ

ಕಾರಿನೊಳಗೆ ಬರುವ ಗಾಳಿಯನ್ನು ಸೋಸುವ ಕ್ಯಾಬಿನ್ ಫಿಲ್ಟರನ್ನು, ಗ್ಯಾರೇಜಿನವರು ಎಸಿ ಫಿಲ್ಟರ್ ಎಂದು ಕರೆಯುವ ಆ ಮಡಿಕೆಮಡಿಕೆಯ ಚೌಕಟ್ಟನ್ನು, ಸೋಪಿನ ನೀರಿನಲ್ಲಿ ತೊಳೆದು ಬಿಸಿಲಿಗೆ ಒಣಗಿಸಿ ಮತ್ತೆ ಹಾಕಿಕೊಳ್ಳುವವರು ನಮ್ಮ ಶಿವಮೊಗ್ಗದಲ್ಲಿ ಕಡಿಮೆಯೇನಿಲ್ಲ. ಪಂಕ್ಚರ್ ಅಂಗಡಿಯಲ್ಲಿ ಗಾಳಿ ಹೊಡೆಸಿ ಧೂಳು ಹಾರಿಸಿಕೊಂಡು ಬರುವವರೂ ಇದ್ದಾರೆ. ಎರಡೂ ಅಭ್ಯಾಸಗಳ ಹಿಂದೆ ಇರುವುದು ಒಂದೇ ತಪ್ಪು ತಿಳಿವಳಿಕೆ: ಫಿಲ್ಟರ್ ಒಂದು ಜರಡಿ, ರಂಧ್ರಕ್ಕಿಂತ ದೊಡ್ಡದು ನಿಲ್ಲುತ್ತದೆ, ಸಣ್ಣದು ದಾಟುತ್ತದೆ, ಕಟ್ಟಿಕೊಂಡ ರಂಧ್ರವನ್ನು ಬಿಡಿಸಿದರೆ ಸಾಕು ಎಂಬುದು.

ಫಿಲ್ಟರಿನ ಎಳೆಗಳ ನಡುವಿನ ಸಂದುಗಳು ಹತ್ತಾರು ಮೈಕ್ರಾನ್ ಅಗಲವಾಗಿರುತ್ತವೆ. ಸುಲಿದ ಅಡಿಕೆಯ ಸಿಪ್ಪೆಯನ್ನು ರಸ್ತೆಬದಿಗೆ ಸುರಿದು ಬೆಂಕಿ ಹಚ್ಚಿದಾಗ ಏಳುವ ಹೊಗೆಯ ಕಣಗಳಲ್ಲಿ ಹೆಚ್ಚಿನವು ಒಂದು ಮೈಕ್ರಾನಿಗಿಂತ, ಎಂದರೆ ಮಿಲಿಮೀಟರಿನ ಸಾವಿರದಲ್ಲೊಂದು ಭಾಗಕ್ಕಿಂತ, ಚಿಕ್ಕವು. ಜರಡಿಯ ಲೆಕ್ಕದಲ್ಲಿ ಅವೆಲ್ಲವೂ ಸರಾಗವಾಗಿ ದಾಟಿ ಬರಬೇಕಿತ್ತು. ಆದರೂ ಒಳ್ಳೆಯ ಫಿಲ್ಟರಿನಲ್ಲಿ ಅವುಗಳ ಗಣನೀಯ ಪಾಲು ಎಳೆಗಳಿಗೆ ಅಂಟಿಕೊಂಡು ಉಳಿಯುತ್ತದೆ. ಇನ್ನೂ ಸೋಜಿಗದ ಸಂಗತಿಯೆಂದರೆ, ಒಂದು ಮಿತಿಯಿಂದ ಕೆಳಗೆ ಕಣವು ಸಣ್ಣದಾದಷ್ಟೂ ಸಿಕ್ಕಿಬೀಳುವ ಸಂಭವ ಹೆಚ್ಚುತ್ತಾ ಹೋಗುತ್ತದೆ.

ಇದನ್ನು ತಿಳಿಯಲು ಅಡಿಕೆ ತೋಟವೊಂದನ್ನು ಮನಸ್ಸಿಗೆ ತಂದುಕೊಳ್ಳಬಹುದು. ಮರಗಳ ನಡುವೆ ಧಾರಾಳವಾಗಿ ಜಾಗವಿದೆ. ಜೋರಾಗಿ ಓಡಿಬರುವ ದಢೂತಿ ಆಳು ಮರ ಎದುರಾದಾಗ ತಿರುಗಲಾರದೆ ನೇರವಾಗಿ ಹೋಗಿ ಗುದ್ದುತ್ತಾನೆ. ಕೆಮ್ಮಣ್ಣಿನ ಧೂಳು ಮತ್ತು ಹೂವಿನ ಪರಾಗದ ಪಾಡು ಇದು, ಏಕೆಂದರೆ ಗಾಳಿ ಎಳೆಯನ್ನು ಬಳಸಿಕೊಂಡು ಹೋದರೂ ಭಾರದ ಕಣಕ್ಕೆ ಹಾಗೆ ಬಾಗಿ ಹೋಗಲಾಗುವುದಿಲ್ಲ. ತಲೆಯ ಮೇಲೆ ಸೊಪ್ಪಿನ ಹೊರೆ ಹೊತ್ತವನು ತಿರುಗಬಲ್ಲನಾದರೂ ಹೊರೆಯ ಅಂಚು ಮರಕ್ಕೆ ತಾಗುತ್ತದೆ. ನಡುಗಾತ್ರದ ಕಣಗಳು ಹೀಗೆ ಪಕ್ಕದಿಂದ ತಗುಲಿ ನಿಲ್ಲುತ್ತವೆ. ಕಣ್ಣಿಗೆ ಬಟ್ಟೆ ಕಟ್ಟಿಕೊಂಡ ಮಗುವಾದರೋ ಹಿಂದಕ್ಕೂ ಮುಂದಕ್ಕೂ ತಡವರಿಸುತ್ತಾ ಯಾವುದಾದರೊಂದು ಮರವನ್ನು ಮುಟ್ಟದೆ ತೋಟ ದಾಟುವುದೇ ಕಷ್ಟ. ಅತಿ ಸಣ್ಣ ಕಣಗಳು ಸಿಕ್ಕಿಬೀಳುವುದು ಈ ಮೂರನೆಯ ಬಗೆಯಲ್ಲಿ. ಗಾಳಿಯ ಅಣುಗಳು ಎಲ್ಲ ಕಡೆಯಿಂದ ಬಡಿದು ಅವುಗಳನ್ನು ಒಂದೇ ಸಮನೆ ಅಲೆದಾಡಿಸುತ್ತವೆ.

ಈ ಅಲೆದಾಟವನ್ನು ಸಸ್ಯವಿಜ್ಞಾನಿ ರಾಬರ್ಟ್ ಬ್ರೌನ್ 1827ರಲ್ಲಿ ಗಮನಿಸಿದರು. ಪರಾಗದಿಂದ ಹೊರಬಂದ ಸೂಕ್ಷ್ಮ ಕಣಗಳು ನೀರಿನಲ್ಲಿ ತಾವಾಗಿಯೇ ಕುಣಿಯುವುದನ್ನು ಕಂಡ ಅವರು ಇದು ಜೀವದ ಲಕ್ಷಣವಿರಬಹುದೆಂದು ಯೋಚಿಸಿದರು. ಆದರೆ ಅಲ್ಲಿಗೇ ನಿಲ್ಲದೆ ಗಾಜಿನ ಪುಡಿಯನ್ನೂ, ಈಜಿಪ್ಟಿನ ಸ್ಫಿಂಕ್ಸ್ ಶಿಲ್ಪದ ಕಲ್ಲಿನ ಚೂರಿನ ಪುಡಿಯನ್ನೂ ನೀರಿಗೆ ಹಾಕಿ ನೋಡಿ, ಜೀವವಿಲ್ಲದ ಕಣವೂ ಹಾಗೆಯೇ ಅಲೆಯುತ್ತದೆಂದು ಖಚಿತಪಡಿಸಿಕೊಂಡರು. ಅನುಮಾನ ಬಂದಾಗ ಹೀಗೆ ಪರೀಕ್ಷಿಸಿ ನೋಡುವ ಬುದ್ಧಿ ನಮ್ಮಲ್ಲಿ ಎಷ್ಟು ಜನರಿಗಿದೆ? 1905ರಲ್ಲಿ ಐನ್‌ಸ್ಟೈನ್ ಇದರ ಗಣಿತವನ್ನು ಬಿಡಿಸಿದರು. ಎರಡನೆಯ ಮಹಾಯುದ್ಧದ ಕಾಲದಲ್ಲಿ ವಿಷಾನಿಲದ ಮುಖವಾಡಗಳಿಗಾಗಿ ಹೊಗೆ ಸೋಸುವ ಬಗೆಯನ್ನು ಅಧ್ಯಯನ ಮಾಡಿದ ಅಮೆರಿಕದ ರಸಾಯನವಿಜ್ಞಾನಿ ಇರ್ವಿಂಗ್ ಲಾಂಗ್‌ಮ್ಯೂರ್ ತೋರಿಸಿಕೊಟ್ಟಂತೆ, ಬಡಿಯುವಷ್ಟು ಭಾರವೂ ಇಲ್ಲದ, ಅಲೆಯುವಷ್ಟು ಹಗುರವೂ ಅಲ್ಲದ ಸುಮಾರು 0.3 ಮೈಕ್ರಾನಿನ ಕಣವೇ ಫಿಲ್ಟರನ್ನು ಎಲ್ಲಕ್ಕಿಂತ ಸುಲಭವಾಗಿ ದಾಟುತ್ತದೆ. ಅತಿ ಸೂಕ್ಷ್ಮ ಕಣಗಳನ್ನೂ ಹಿಡಿಯುವ, ಆಸ್ಪತ್ರೆಗಳ ಹೆಪಾ ಫಿಲ್ಟರನ್ನು ಇಂದಿಗೂ ಆ ಗಾತ್ರದ ಕಣಗಳಿಂದಲೇ ಪರೀಕ್ಷಿಸುವುದಕ್ಕೆ ಕಾರಣ ಇದು. ಕಾರಿನ ಫಿಲ್ಟರು ಹೆಪಾ ಮಟ್ಟದ್ದಲ್ಲವಾದರೂ ಅದು ನಡೆಯುವುದು ಇದೇ ನಿಯಮದ ಮೇಲೆ.

ಈ ಕೊರತೆಯನ್ನು ತುಂಬಲೆಂದು ಅನೇಕ ಫಿಲ್ಟರುಗಳ ಪಾಲಿಪ್ರೊಪಿಲೀನ್ ಎಂಬ ಪ್ಲಾಸ್ಟಿಕ್ಕಿನ ಎಳೆಗಳಿಗೆ ತಯಾರಿಕೆಯ ಹಂತದಲ್ಲೇ ಸ್ಥಿರವಿದ್ಯುತ್ತಿನ ಆವೇಶವನ್ನು ತುಂಬಿರುತ್ತಾರೆ. ಆಗ ಎಳೆಯು ಹತ್ತಿರ ಬಂದ ಕಣವನ್ನು ತಾನೇ ಸೆಳೆದುಕೊಳ್ಳುತ್ತದೆ. ಕೋವಿಡ್ ಕಾಲದಲ್ಲಿ ನಾವೆಲ್ಲ ಧರಿಸಿದ ಎನ್95 ಮಾಸ್ಕಿನ ಗುಟ್ಟೂ ಇದುವೇ. ಸೋಪು, ಸ್ಪಿರಿಟ್ ತಾಗಿದರೆ ಈ ಆವೇಶ ನಾಶವಾಗುತ್ತದೆ. ತೊಳೆದ ಫಿಲ್ಟರು ಹೊಸದರಂತೆ ಬೆಳ್ಳಗೆ ಕಂಡರೂ ಅದರ ಸೆಳೆಯುವ ಶಕ್ತಿ ನೀರಿನೊಂದಿಗೆ ಹರಿದುಹೋಗಿರುತ್ತದೆ, ಮಡಿಕೆಗಳೂ ಸೊಟ್ಟಗಾಗಿರುತ್ತವೆ. ಕಂಪ್ರೆಸರ್ ಗಾಳಿಯ ರಭಸಕ್ಕಂತೂ ಎಳೆಗಳೇ ಹರಿಯಬಹುದು. ತೊಳೆಯಬಹುದೆಂದು ತಯಾರಕರೇ ಬರೆದಿರುವ ಕೆಲವು ಬಗೆಗಳನ್ನು ಬಿಟ್ಟರೆ, ಹಳೆಯದನ್ನು ಎಸೆದು ಹೊಸದನ್ನು ಹಾಕುವುದೇ ಸರಿ.

ಸಾಮಾನ್ಯವಾಗಿ ವರ್ಷಕ್ಕೊಮ್ಮೆ ಬದಲಿಸಬೇಕೆನ್ನುತ್ತಾರೆ. ಮಲೆನಾಡಿನಲ್ಲಿ ಅದಕ್ಕೆ ತಕ್ಕ ಕಾಲ ಮಳೆ ಮುಗಿದ ಮೇಲೆ ಎಂಬುದು ನನ್ನ ಅಭಿಪ್ರಾಯ. ಬೇಸಿಗೆಯಲ್ಲಿ ಸೇರಿದ ಕೆಮ್ಮಣ್ಣಿನ ಧೂಳು, ವರ್ಷಕ್ಕೆ 7,000 ಮಿಲಿಮೀಟರಿಗೂ ಮೀರಿ ಮಳೆ ಸುರಿಯುವ ಆಗುಂಬೆಯಂಥ ಕಡೆಯ ತೇವವನ್ನು ತಿಂಗಳುಗಟ್ಟಲೆ ಹೀರಿಕೊಂಡು ಬೂಷ್ಟಿಗೆ ಒಳ್ಳೆಯ ನೆಲೆಯಾಗುತ್ತದೆ. ಎಸಿ ಹಾಕಿದೊಡನೆ ಬರುವ ಮುಗ್ಗುಲು ವಾಸನೆ ಅಲ್ಲಿಯದು, ಇಲ್ಲವೇ ಫಿಲ್ಟರಿನಾಚೆಗಿನ ಒದ್ದೆ ಕೂಲಿಂಗ್ ಕಾಯಿಲಿನದು. ಸೆಂಟಿನ ಬಾಟಲಿ ತೂಗುಹಾಕಿದರೆ ಅದು ಮುಚ್ಚುತ್ತದೆಯೇ ಹೊರತು ಹೋಗುವುದಿಲ್ಲ. ಫಿಲ್ಟರು ಕಟ್ಟಿಕೊಂಡರೆ ಗಾಳಿಯ ಹರಿವು ಕುಗ್ಗಿ, ಘಾಟಿಯ ಮಳೆಯಲ್ಲಿ ಮುಂದಿನ ಗಾಜಿಗೆ ಹಿಡಿದ ಮಂಜು ಬೇಗ ಬಿಡದಿರುವುದು ಇನ್ನೂ ದೊಡ್ಡ ಅಪಾಯ. ಆಯುಧ ಪೂಜೆಗೆ ಕಾರನ್ನು ಥಳಥಳ ತೊಳೆದು, ಕುಂಬಳಕಾಯಿ ಒಡೆದು, ನಾಲ್ಕು ಚಕ್ರಕ್ಕೂ ನಿಂಬೆಹಣ್ಣು ಇಡುವ ನಾವು ಅದೇ ದಿನ, ಸಾಮಾನ್ಯವಾಗಿ ಈ ಫಿಲ್ಟರನ್ನು ಮರೆಮಾಡಿರುವ ಗ್ಲೋವ್ ಬಾಕ್ಸನ್ನು ಒಮ್ಮೆ ಬಿಚ್ಚಿ ನೋಡಿದರೆ ದೇವರೇನೂ ಮುನಿಯಲಾರ.

ಕೆಲಸ ಹತ್ತು ನಿಮಿಷದ್ದು. ಕಾರಿನ ಮಾದರಿ ಮತ್ತು ವರ್ಷವನ್ನು ಹೇಳಿ ಸ್ಪೇರ್ ಪಾರ್ಟ್ಸ್ ಅಂಗಡಿಯಲ್ಲಿ ಫಿಲ್ಟರ್ ತಂದುಕೊಂಡು, ಇಗ್ನಿಷನ್ ಆಫ್ ಮಾಡಿ, ಗ್ಲೋವ್ ಬಾಕ್ಸನ್ನು ಖಾಲಿ ಮಾಡಬೇಕು. ಬಹುತೇಕ ಸಣ್ಣ ಕಾರುಗಳಲ್ಲಿ ಅದರ ಎರಡು ಪಕ್ಕಗಳನ್ನು ಒಳಕ್ಕೆ ಅದುಮಿದರೆ ತಡೆಗಳಿಂದ ಬಿಡಿಸಿಕೊಂಡು ಪೂರ್ತಿ ಕೆಳಕ್ಕೆ ಜೋಲುತ್ತದೆ. ಪಕ್ಕದಲ್ಲಿ ದಾರವೋ ಸಣ್ಣ ಕಡ್ಡಿಯೋ ಇದ್ದರೆ ಮೊದಲು ಅದನ್ನು ಕಳಚಬೇಕು. ಹಿಂದೆ ಕಾಣುವ ಉದ್ದನೆಯ ಪ್ಲಾಸ್ಟಿಕ್ ಮುಚ್ಚಳದ ಕ್ಲಿಪ್ಪನ್ನು ಒತ್ತಿ ತೆಗೆದರೆ ಫಿಲ್ಟರಿನ ಅಂಚು ಸಿಗುತ್ತದೆ. ಎಳೆಯುವ ಮೊದಲು ಅದರ ಅಂಚಿನಲ್ಲಿರುವ ಬಾಣದ ಗುರುತನ್ನು ಮೊಬೈಲಿನಲ್ಲಿ ಫೋಟೊ ತೆಗೆದುಕೊಳ್ಳುವುದು ಒಳ್ಳೆಯದು, ಏಕೆಂದರೆ ಹೊಸದರ ಬಾಣವೂ ಗಾಳಿ ಹರಿಯುವ ಅದೇ ದಿಕ್ಕಿಗಿರಬೇಕು. ಹಳೆಯದನ್ನು ಮಟ್ಟಸವಾಗಿ, ಅಲುಗಿಸದೆ ಹೊರಗೆಳೆಯಬೇಕು. ಮಡಿಕೆಗಳ ಸಂದಿನಲ್ಲಿ ತರಗೆಲೆಯ ಚೂರು, ಮೊದಲ ಮಳೆಗೆ ಎದ್ದ ಗೆದ್ದಲುಹುಳುಗಳ ಉದುರಿದ ರೆಕ್ಕೆ, ಒಂದು ಮಗ್ಗುಲಿಗೆ ಮಾತ್ರ ಹತ್ತಿದ ಇಟ್ಟಿಗೆ ಬಣ್ಣ ಕಾಣುತ್ತವೆ. ತೋಟದ ಮನೆಯ ಕೊಟ್ಟಿಗೆಯಲ್ಲಿ ನಿಲ್ಲುವ ಕಾರಾದರೆ ಇಲಿ ಕಟ್ಟಿದ ನಾರಿನ ಗೂಡು ಸಿಕ್ಕರೂ ಅಚ್ಚರಿಪಡಬೇಕಿಲ್ಲ. ಮುಖಕ್ಕೆ ಮಾಸ್ಕ್ ಇರಲಿ. ಆ ಫಿಲ್ಟರನ್ನು ಜಗಲಿಯ ಮೇಲೆ ಬಡಿದು ನೋಡುವ ಆಸೆಯನ್ನು ತಡೆದುಕೊಂಡು ನೇರವಾಗಿ ಕವರಿಗೆ ಹಾಕಿ ಕಟ್ಟಬೇಕು.

ಸ್ವಲ್ಪ ಹೆಚ್ಚು ಬೆಲೆಗೆ ಸಿಗುವ ಕಪ್ಪು ಬಣ್ಣದ ಫಿಲ್ಟರುಗಳಲ್ಲಿ ಸಕ್ರಿಯ ಇದ್ದಿಲು ಇರುತ್ತದೆ. ಲಾರಿಯ ಹೊಗೆಯ ವಾಸನೆಯನ್ನು ಅದು ಕೆಲಮಟ್ಟಿಗೆ ಹಿಡಿದಿಡುತ್ತದೆ. ಮೊದಲ ಮಹಾಯುದ್ಧದಲ್ಲಿ ಮುಖವಾಡಗಳಿಗೆ ತೆಂಗಿನ ಚಿಪ್ಪಿನ ಇದ್ದಿಲನ್ನು ತುಂಬಿದ್ದೂ ಈ ಗುಣಕ್ಕಾಗಿಯೇ. ಆದರೆ ಎಂಜಿನ್ ಹೊಗೆಯಲ್ಲಿರುವ ವಿಷಾನಿಲವಾದ ಕಾರ್ಬನ್ ಮಾನಾಕ್ಸೈಡನ್ನು ಅದು ತಡೆಯಲಾರದು. ಆದ್ದರಿಂದ ಬಾಗಿಲು ಮುಚ್ಚಿದ ಶೆಡ್ಡಿನಲ್ಲಿ ಎಂಜಿನ್ ಓಡಿಸಿಕೊಂಡು ಕೂರುವುದು ಯಾವ ಫಿಲ್ಟರ್ ಇದ್ದರೂ ಸಲ್ಲದು.

ಮುಚ್ಚಳವನ್ನೂ ಗ್ಲೋವ್ ಬಾಕ್ಸನ್ನೂ ಮೊದಲಿನಂತೆ ಕೂರಿಸಿ ಬ್ಲೋವರನ್ನು ಪೂರ್ತಿ ವೇಗಕ್ಕೆ ತಿರುಗಿಸಿದಾಗ ಗಾಳಿಯ ರಭಸ ಹೆಚ್ಚಿರಬೇಕು. ಫಟಫಟ ಸದ್ದು ಬಂದರೆ ತೆಗೆಯುವಾಗ ತರಗೆಲೆಯೊಂದು ಒಳಗಿನ ಫ್ಯಾನಿಗೆ ಬಿದ್ದಿದೆ ಎಂದರ್ಥ. ಹೊಸ ಫಿಲ್ಟರ್ ಹಾಕಿದ ಮೇಲೂ ಗಾಳಿ ಮೊದಲಿನಷ್ಟೇ ಮಂದವಾಗಿದ್ದರೆ ಕೂಲಿಂಗ್ ಕಾಯಿಲ್ ಕೊಳೆಯಿಂದ ಕಟ್ಟಿಕೊಂಡಿರಬಹುದು ಅಥವಾ ಬ್ಲೋವರ್ ಮೋಟರೇ ಸೋತಿರಬಹುದು. ಆ ಕೆಲಸ ಗ್ಯಾರೇಜಿನವರದು.