ಡೊಂಬಿವಲಿಯ ಸೆಕೆಯಲ್ಲಿ ಗೇಮಿಂಗ್ ಕಂಪ್ಯೂಟರ್: ಬಿಸಿ, ಮೆಮೊರಿ, ವೇಗ

ಕಂಪ್ಯೂಟರ್ ಜೋಡಿಸಲು ಹೊಸದಾಗಿ ಕಲಿಯುತ್ತಿರುವ ಗೆಳೆಯರು ನನ್ನನ್ನು ಹೆಚ್ಚಾಗಿ ಕೇಳುವುದು, "ಪ್ರೊಸೆಸರ್ 85 ಡಿಗ್ರಿ ತೋರಿಸುತ್ತಿದೆ, ಏನಾದರೂ ಕೆಟ್ಟಿದೆಯೇ?" ಎಂದು. ನಾನು ಮರಳಿ ಕೇಳುವುದು ಒಂದೇ: ನಿಮ್ಮ ಕೋಣೆ ಎಷ್ಟು ಡಿಗ್ರಿ ಇದೆ? ಇದಕ್ಕೆ ಉತ್ತರ ಸಿಗುವುದು ಅಪರೂಪ. ಈ ಟಿಪ್ಪಣಿಯನ್ನು ಅಲ್ಲಿಂದಲೇ ಆರಂಭಿಸುತ್ತೇನೆ.

ಲೆಕ್ಕ ಸರಳ. ಪ್ರೊಸೆಸರ್ ತಿನ್ನುವ ವಾಟ್‌ಗಳನ್ನು ಕೂಲರ್‌ನ ಉಷ್ಣ ತಡೆಯಿಂದ ಗುಣಿಸಿ, ಬಂದದ್ದನ್ನು ಸುತ್ತಲಿನ ಗಾಳಿಯ ಉಷ್ಣತೆಗೆ ಕೂಡಿಸಬೇಕು. ಒಂದು ಸಾಧಾರಣ ಕೂಲರ್ ಪ್ರತಿ ವಾಟ್‌ಗೆ 0.7 ಡಿಗ್ರಿ ಏರಲು ಬಿಡುತ್ತದೆ ಎಂದುಕೊಳ್ಳಿ. ನಾನು ಬಳಸುವ, ಎಎಂಡಿ ಕಂಪನಿಯ ಆರು ಕೋರ್‌ಗಳ (ಲೆಕ್ಕ ಮಾಡುವ ಘಟಕಗಳ) ಪ್ರೊಸೆಸರ್ ರೈಜೆನ್ 5 5600ಎಕ್ಸ್ ತನ್ನ ಮೂಲ ಮಿತಿಯಾದ 76 ವಾಟ್ ಪೂರ್ತಿ ಬಳಸಿದರೆ ಏರಿಕೆ ಸುಮಾರು 53 ಡಿಗ್ರಿ. 22 ಡಿಗ್ರಿಯ ಕೋಣೆಯಲ್ಲಿ ಅದು 75 ತೋರಿಸುತ್ತದೆ, 34 ಡಿಗ್ರಿಯ ಕೋಣೆಯಲ್ಲಿ 87. ಚಿಪ್ ಅದೇ, ಕೂಲರ್ ಅದೇ, ಯಾವುದೂ ಕೆಟ್ಟಿಲ್ಲ. ತಂಪು ದೇಶದವರು ಅಥವಾ ಹವಾನಿಯಂತ್ರಿತ ಕೋಣೆಯಲ್ಲಿ ಕುಳಿತವರು ಪ್ರಕಟಿಸಿದ ಅಂಕಿಗಳನ್ನು ನೋಡಿ ನಾವು ಗಾಬರಿಯಾಗುತ್ತೇವೆ. ನಮ್ಮ ಡೊಂಬಿವಲಿ ಇರುವ ಮುಂಬೈ ಕಡೆ ಮೇ ತಿಂಗಳಲ್ಲಿ ರಾತ್ರಿಯೂ 26 ಡಿಗ್ರಿಗಿಂತ ಕೆಳಗೆ ಇಳಿಯುವುದು ಅಪರೂಪ. ನಮ್ಮ ಮನೆಯಲ್ಲಿ ಕಂಪ್ಯೂಟರ್ ಇರುವುದು ಅಡುಗೆಮನೆಯ ಗೋಡೆಗೆ ಒತ್ತಿಕೊಂಡು. ಅಮ್ಮ ಕುಚ್ಚಲಕ್ಕಿ ಬೇಯಲು ಇಟ್ಟರೆ ಪರದೆಯ ಮೇಲಿನ ಅಂಕಿಯಲ್ಲೂ ಅದು ಕಾಣಿಸುತ್ತದೆ.

ತೇವಾಂಶದ ಬಗ್ಗೆ ಒಂದು ತಪ್ಪು ತಿಳಿವಳಿಕೆ ಇದೆ. ಬೆವರು ಆರದ ಕಾರಣ ನಮಗೆ 33 ಡಿಗ್ರಿಯೇ 40ರಂತೆ ಅನ್ನಿಸುತ್ತದೆ. ಚಿಪ್ ಬೆವರುವುದಿಲ್ಲ, ಅದಕ್ಕೆ 33 ಎಂದರೆ 33. ತೇವದ ನಿಜವಾದ ಕಾಟ ಧೂಳಿನದು: ಒದ್ದೆ ಧೂಳು ಕೂಲರ್‌ನ ರೆಕ್ಕೆಗಳ ನಡುವೆ ಮೆತ್ತಿಕೊಂಡು ಗಾಳಿಯ ದಾರಿಯನ್ನು ಕಟ್ಟುತ್ತದೆ.

ಇನ್ನು ಎಷ್ಟು ಬಿಸಿ ಸರಿ? 5600ಎಕ್ಸ್‌ನ ಗರಿಷ್ಠ ಮಿತಿ 95 ಡಿಗ್ರಿ. ಅಲ್ಲಿಗೆ ತಲುಪಿದರೆ ಅದು ಸುಡುವುದಿಲ್ಲ, ತಾನೇ ವೇಗ ಇಳಿಸಿಕೊಳ್ಳುತ್ತದೆ. ನಮ್ಮ ಚಿಂತೆ ಇರಬೇಕಾದದ್ದು ಅದಕ್ಕಿಂತ ಮೊದಲಿನ ಹಂತದಲ್ಲಿ. ಇಂದಿನ ಪ್ರೊಸೆಸರ್ ತಂಪಾಗಿದ್ದಷ್ಟೂ ಸ್ವಲ್ಪ ಹೆಚ್ಚು ವೇಗಕ್ಕೆ ಏರುತ್ತದೆ, ಬಿಸಿಯಾದಂತೆ ಸದ್ದಿಲ್ಲದೆ ಇಳಿಯುತ್ತದೆ. ಮಿತಿ ಮುಟ್ಟದಿದ್ದರೂ ನಷ್ಟ ಆಗುತ್ತಿರಬಹುದು.

ಬಿಸಿ ಇಳಿಸಲು ದೊಡ್ಡ ಕೂಲರ್ ಒಂದೇ ದಾರಿಯಲ್ಲ. ಚಿಪ್ ಕೆಲಸ ಮಾಡುವಾಗ ಬಳಸುವ ಶಕ್ತಿ ಅದರ ವೇಗಕ್ಕೆ ಅನುಗುಣವಾಗಿ ಏರುತ್ತದೆ, ಆದರೆ ವೋಲ್ಟೇಜಿನ ವರ್ಗಕ್ಕೆ ಅನುಗುಣವಾಗಿ ಏರುತ್ತದೆ. ವೋಲ್ಟೇಜನ್ನು ಶೇ 10ರಷ್ಟು ಇಳಿಸಿದರೆ ಆ ಶಕ್ತಿ ಶೇ 19ರಷ್ಟು ಇಳಿಯುತ್ತದೆ. ಕೊನೆಯ ನೂರಿನ್ನೂರು ಮೆಗಾಹರ್ಟ್ಸ್ ಗಳಿಸಲು ವೋಲ್ಟೇಜ್ ಕಡಿದಾದ ಏರು ಹತ್ತಬೇಕಾಗುತ್ತದೆ. 4,600ರಲ್ಲಿ 200 ಎಂದರೆ ಶೇ 4ಕ್ಕಿಂತ ಸ್ವಲ್ಪ ಹೆಚ್ಚು, ಅದಕ್ಕೆ ತೆರುವ ಬಿಸಿ ಬಹಳ ಹೆಚ್ಚು. ನಾನು ಬಯಾಸ್‌ನಲ್ಲಿ (ಯಂತ್ರ ಶುರುವಾಗುವಾಗ ತೆರೆಯಬಹುದಾದ ಮದರ್‌ಬೋರ್ಡ್‌ನ ಸೆಟ್ಟಿಂಗ್ ಪರದೆಯಲ್ಲಿ) ಶಕ್ತಿಯ ಮಿತಿಯನ್ನು 76ರಿಂದ 60 ವಾಟ್‌ಗೆ ಇಳಿಸಿದೆ. ಆಟಗಳಲ್ಲಿ ಆರೂ ಕೋರ್‌ಗಳು ಒಟ್ಟಿಗೆ ಸತತ ತುಂಬಿರುವುದು ಕಡಿಮೆಯಾದ್ದರಿಂದ ನನಗೆ ಫ್ರೇಮ್‌ಗಳಲ್ಲಿ (ಪರದೆಯ ಮೇಲೆ ಸೆಕೆಂಡಿಗೆ ಮೂಡುವ ಚಿತ್ರಗಳಲ್ಲಿ) ಹೇಳಿಕೊಳ್ಳುವಂತಹ ವ್ಯತ್ಯಾಸ ಕಾಣಲಿಲ್ಲ. ವಿಡಿಯೊ ರೆಂಡರಿಂಗ್ ಮಾಡುವವರಿಗೆ ಕಾಣುತ್ತದೆ.

ಪ್ರತಿ ವೇಗಕ್ಕೆ ಚಿಪ್ ಕೇಳುವ ವೋಲ್ಟೇಜನ್ನು ಇಳಿಸುವ, ಬಯಾಸ್‌ನ ಕರ್ವ್ ಆಪ್ಟಿಮೈಜರ್ ಎಂಬ ಆಯ್ಕೆಯನ್ನೂ ಕಲಿಯಿರಿ. ಅದರಲ್ಲಿ ಒಂದು ಹೆಜ್ಜೆ ಎಂದರೆ ಸುಮಾರು 3ರಿಂದ 5 ಮಿಲಿವೋಲ್ಟ್. ಋಣ 10ರಿಂದ ಆರಂಭಿಸಿ, ನಿಧಾನವಾಗಿ ಮುಂದೆ ಹೋಗಿ. ಇಲ್ಲಿ ಎಡವುವ ಜಾಗ ಒಂದಿದೆ: ಭಾರದ ಪರೀಕ್ಷೆಯನ್ನು ಪಾಸು ಮಾಡಿದ ಯಂತ್ರ ಸುಮ್ಮನೆ ಕುಳಿತಾಗ ಮರುಚಾಲನೆ ಆಗಬಹುದು. ಹಗುರ ಕೆಲಸದಲ್ಲಿಯೇ ಒಂದೊಂದು ಕೋರ್ ತನ್ನ ಗರಿಷ್ಠ ವೇಗಕ್ಕೆ ಚಿಮ್ಮುವುದು, ಕಡಿಮೆ ವೋಲ್ಟೇಜ್ ಸಾಲದೆ ಬರುವುದು ಅಲ್ಲಿಯೇ.

ಈಗ ಮೆಮೊರಿ. ಬಹಳ ಮಂದಿ ಡಿಡಿಆರ್4-3600 (ಡಿಡಿಆರ್4 ಮೆಮೊರಿಯ ಪೀಳಿಗೆ, 3600 ಅದರ ವೇಗ) ಕೊಂಡು ತಂದು ಅದನ್ನು 2133ರಲ್ಲಿ ಓಡಿಸುತ್ತಿರುತ್ತಾರೆ. ಬಯಾಸ್‌ನಲ್ಲಿ ಎಕ್ಸ್‌ಎಂಪಿ (ಮೆಮೊರಿ ತಯಾರಕರು ಅದರಲ್ಲೇ ಬರೆದಿಟ್ಟ ವೇಗದ ಸೆಟ್ಟಿಂಗ್) ಆಯ್ಕೆ ಮಾಡದಿದ್ದರೆ ಮೆಮೊರಿ ಮೂಲ ವೇಗದಲ್ಲಿಯೇ ಉಳಿಯುತ್ತದೆ. ಎರಡು ಮೆಮೊರಿ ಪಟ್ಟಿಗಳಿದ್ದರೆ ಪ್ರೊಸೆಸರ್ ಕಡೆಯಿಂದ ಎಣಿಸಿ ಎರಡನೆಯ ಮತ್ತು ನಾಲ್ಕನೆಯ ಸ್ಲಾಟ್‌ಗಳಲ್ಲಿ ಹಾಕಿ. ಹೆಚ್ಚಿನ ಮದರ್‌ಬೋರ್ಡ್‌ಗಳಲ್ಲಿ ಎರಡು ಚಾನೆಲ್ (ಮೆಮೊರಿ ಮತ್ತು ಪ್ರೊಸೆಸರ್ ನಡುವಿನ ದಾರಿ) ಸಿಗುವುದು ಹಾಗೆ. 3200ರಲ್ಲಿ ಒಂದು ಚಾನೆಲ್ ಸೆಕೆಂಡಿಗೆ 25.6 ಗಿಗಾಬೈಟ್ ಸಾಗಿಸಬಲ್ಲದು, ಎರಡಾದರೆ 51.2.

ವೇಗದ ಅಂಕಿ ಅರ್ಧ ಕಥೆ. ಇನ್ನರ್ಧ ಕಾಯುವ ಹೊತ್ತು. ಕೇಳಿದ ದತ್ತಾಂಶ ಕೊಡಲು ಮೆಮೊರಿ ಎಷ್ಟು ಗಡಿಯಾರ ಬಡಿತ ಕಾಯಿಸುತ್ತದೆ ಎಂದು ಹೇಳುವ ಸಿಎಲ್ ಅಂಕಿಯನ್ನು 2000ದಿಂದ ಗುಣಿಸಿ ಮೆಮೊರಿ ವೇಗದಿಂದ ಭಾಗಿಸಿದರೆ ನ್ಯಾನೊ ಸೆಕೆಂಡ್ ಬರುತ್ತದೆ. 2133 ಸಿಎಲ್15 ಎಂದರೆ 14.1, 3200 ಸಿಎಲ್16 ಎಂದರೆ 10, 3600 ಸಿಎಲ್18 ಎಂದರೂ 10, 3600 ಸಿಎಲ್16 ಎಂದರೆ 8.9. ಆದ್ದರಿಂದ 3200 ಸಿಎಲ್16 ಇರುವವರು 3600 ಸಿಎಲ್18ಕ್ಕಾಗಿ ಹೊಸದಾಗಿ ಹಣ ಸುರಿಯುವುದು ನನಗೆ ಸರಿಕಾಣುವುದಿಲ್ಲ.

3600ರ ಮೇಲೆ ಏಕೆ ಹೋಗಬಾರದು? ರೈಜೆನ್ 5000 ಸರಣಿಯಲ್ಲಿ ಮೆಮೊರಿಯ ಗಡಿಯಾರ ಮತ್ತು ಚಿಪ್ ಒಳಗಿನ ಭಾಗಗಳನ್ನು ಬೆಸೆಯುವ ಇನ್ಫಿನಿಟಿ ಫ್ಯಾಬ್ರಿಕ್‌ನ ಗಡಿಯಾರ ಒಂದೇ ಲಯದಲ್ಲಿ ನಡೆದರೆ ಲಾಭ. ಡಿಡಿಆರ್ ಮೆಮೊರಿ ಒಂದು ಬಡಿತಕ್ಕೆ ಎರಡು ಬಾರಿ ದತ್ತಾಂಶ ಸಾಗಿಸುವುದರಿಂದ 3600ರ ನಿಜವಾದ ಗಡಿಯಾರ 1800 ಮೆಗಾಹರ್ಟ್ಸ್. ಅಷ್ಟನ್ನು ಫ್ಯಾಬ್ರಿಕ್ ಸಾಮಾನ್ಯವಾಗಿ ತಡೆದುಕೊಳ್ಳುತ್ತದೆ. ಅದರಾಚೆ ಬೋರ್ಡ್ ಮೆಮೊರಿ ನಿಯಂತ್ರಕವನ್ನು ಅರ್ಧ ವೇಗಕ್ಕೆ ಇಳಿಸಬಹುದು. ನಮ್ಮ ಲೋಕಲ್ ರೈಲು ಎರಡು ನಿಮಿಷ ಬೇಗ, ಮಾರ್ಗ ಬದಲಿಸುವ ದಾದರ್ ನಿಲ್ದಾಣ ಮುಟ್ಟಿದರೂ ಪಶ್ಚಿಮ ಮಾರ್ಗದ ರೈಲು ಅದಕ್ಕೆ ಹೊಂದಿಕೊಂಡಿರದಿದ್ದರೆ ಸೇತುವೆ ದಾಟಿ ಪ್ಲಾಟ್‌ಫಾರ್ಮಿನಲ್ಲಿ ನಿಲ್ಲಬೇಕಲ್ಲ, ಹಾಗೆ.

ನಾನು ಒಮ್ಮೆ 3800ಕ್ಕೆ ಏರಿಸಿದ್ದೆ. ರಾತ್ರಿ ಎರಡು ಗಂಟೆಯವರೆಗೆ ಮೆಮೊರಿ ಪರೀಕ್ಷೆ ಓಡಿಸಿ, ಒಂದೂ ದೋಷ ಬಾರದೆ ನೆಮ್ಮದಿಯಿಂದ ಮಲಗಿದೆ. ಮರುದಿನ ಮಧ್ಯಾಹ್ನ ಆಟ ಶುರುವಾಗಿ ಇಪ್ಪತ್ತು ನಿಮಿಷಕ್ಕೆ ಯಂತ್ರ ಸ್ತಬ್ಧವಾಯಿತು. ಮೆಮೊರಿಯ ಪ್ರತಿ ಕೋಶವೂ ಸೋರುವ ಪುಟ್ಟ ಕೆಪಾಸಿಟರ್. 64 ಮಿಲಿಸೆಕೆಂಡ್‌ಗಳೊಳಗೆ ಅದನ್ನು ಮತ್ತೆ ತುಂಬಬೇಕು. ಬಿಸಿ ಏರಿದಷ್ಟೂ ಸೋರಿಕೆ ಹೆಚ್ಚು. ಅದಕ್ಕಾಗಿಯೇ ಡಿಡಿಆರ್4 ನಿಯಮಗಳಲ್ಲಿ 85 ಡಿಗ್ರಿ ದಾಟಿದರೆ ಎರಡು ಪಟ್ಟು ಬೇಗ ತುಂಬುವ ವ್ಯವಸ್ಥೆ ಇದೆ. ಅಂಚಿನಲ್ಲಿ ಬಿಗಿದ ಟೈಮಿಂಗ್‌ಗಳು (ಸಿಎಲ್‌ನಂತಹ ಕಾಯುವ ಹೊತ್ತಿನ ಅಂಕಿಗಳು) ಅದಕ್ಕೆ ಬಹಳ ಮೊದಲೇ ಕೈಕೊಡಬಹುದು. ರಾತ್ರಿಯ ಪರೀಕ್ಷೆಯಲ್ಲಿ ಗ್ರಾಫಿಕ್ಸ್ ಕಾರ್ಡ್ ತಣ್ಣಗಿತ್ತು. ಆಟದಲ್ಲಿ ಅದರ ಬಿಸಿಗಾಳಿ ನೇರವಾಗಿ ಮೇಲಿರುವ ಮೆಮೊರಿ ಪಟ್ಟಿಗಳಿಗೆ ಬಡಿಯುತ್ತದೆ. ಅಂದಿನಿಂದ ಮೆಮೊರಿ ಪರೀಕ್ಷೆಯನ್ನು ವಿಂಡೋಸ್ ಒಳಗೆ, ಗ್ರಾಫಿಕ್ಸ್ ಕಾರ್ಡ್ ಕಾಯಿಸುತ್ತಾ, ಹಗಲಲ್ಲಿ ಮಾಡುತ್ತೇನೆ. 3600ಕ್ಕೆ ಮರಳಿದ ಮೇಲೆ ತೊಂದರೆ ಬಂದಿಲ್ಲ.

ಇಷ್ಟೆಲ್ಲ ಮಾಡಿದರೂ ಆಟ ವೇಗವಾಗದಿರಬಹುದು. ರೆಸಲ್ಯೂಶನ್ ಇಳಿಸಿ ನೋಡಿ. ಫ್ರೇಮ್‌ಗಳು ಏರಿದರೆ ತಡೆ ಇರುವುದು ಗ್ರಾಫಿಕ್ಸ್ ಕಾರ್ಡ್‌ನಲ್ಲಿ, ಮೆಮೊರಿ ತಿದ್ದಿ ಹೆಚ್ಚು ಸಿಗುವುದಿಲ್ಲ. ಏರದಿದ್ದರೆ ತಡೆ ಪ್ರೊಸೆಸರ್ ಕಡೆ ಇದೆ, ಆಗ ಮೆಮೊರಿ ಫಲ ಕೊಡುತ್ತದೆ. ಸರಾಸರಿ ಫ್ರೇಮ್‌ಗಿಂತ ಅತಿ ನಿಧಾನದ ಶೇ 1 ಫ್ರೇಮ್‌ಗಳಲ್ಲಿ ಈ ಫಲ ಚೆನ್ನಾಗಿ ಕಾಣುತ್ತದೆ. ಸೆಕೆಂಡಿಗೆ 144 ಫ್ರೇಮ್ ಎಂದರೆ ಒಂದಕ್ಕೆ ಸಿಗುವುದು 6.9 ಮಿಲಿಸೆಕೆಂಡ್, ಆಟದಲ್ಲಿ ಎಡವಿದಂತೆ ಅನ್ನಿಸುವುದು ಒಂದೆರಡು ಫ್ರೇಮ್ ಆ ಗಡುವನ್ನು ಮೀರಿದಾಗ. 2022ರಲ್ಲಿ ಬಂದ ರೈಜೆನ್ 5800ಎಕ್ಸ್3ಡಿ ಪ್ರೊಸೆಸರ್‌ನಲ್ಲಿ 96 ಮೆಗಾಬೈಟ್ ಎಲ್3 ಕ್ಯಾಶ್ (ಚಿಪ್ ಒಳಗೇ ಇರುವ ಪುಟ್ಟ, ವೇಗದ ಮೆಮೊರಿ) ಇದೆ, 5600ಎಕ್ಸ್‌ನಲ್ಲಿ 32. ದೊಡ್ಡ ಕ್ಯಾಶ್ ಇರುವವರು ಮೆಮೊರಿ ವೇಗದ ಬಗ್ಗೆ ಅಷ್ಟು ತಲೆಕೆಡಿಸಿಕೊಳ್ಳಬೇಕಿಲ್ಲ.

ಮುಂದಿನ ಪೀಳಿಗೆಯ ಡಿಡಿಆರ್5 ಮೆಮೊರಿ ಇರುವ ರೈಜೆನ್ 7000 ಸರಣಿಯವರಿಗೆ ಎರಡು ಮಾತು. 7600ಎಕ್ಸ್, 7700ಎಕ್ಸ್‌ನಂತಹ ಚಿಪ್‌ಗಳು ಪೂರ್ಣ ಭಾರದಲ್ಲಿ 95 ಡಿಗ್ರಿಯವರೆಗೆ ಏರುವಂತೆಯೇ ರೂಪಿಸಲ್ಪಟ್ಟಿವೆ. ಮೆಮೊರಿಗೆ 6000 ಸಿಎಲ್30 ಒಳ್ಳೆಯ ನಿಲ್ದಾಣ. 2023ರಲ್ಲಿ ಕೆಲವು ಚಿಪ್‌ಗಳು ಸುಟ್ಟ ಮೇಲೆ ಎಎಂಡಿ ಎಸ್‌ಒಸಿ ವೋಲ್ಟೇಜಿಗೆ (ಚಿಪ್‌ನಲ್ಲಿ ಮೆಮೊರಿ ನಿಯಂತ್ರಕ ಇರುವ ಭಾಗದ ವೋಲ್ಟೇಜಿಗೆ) 1.3 ವೋಲ್ಟ್‌ನ ಮಿತಿ ಹಾಕಿತು, ಹಾಗಾಗಿ ಎಕ್ಸ್‌ಎಂಪಿಯಂತಹುದೇ ಆದ ಎಎಂಡಿಯ ಎಕ್ಸ್‌ಪೋ ಆರಿಸುವ ಮುನ್ನ ಬಯಾಸ್ ಹೊಸದಾಗಿಸಿ.

ನನ್ನ ಕ್ರಮ ಹೀಗಿದೆ: ಮೊದಲು ಧೂಳು, ನಂತರ ಮೆಮೊರಿ, ಮೆಮೊರಿ ಸ್ಥಿರವಾದ ಮೇಲೆ ಪ್ರೊಸೆಸರ್‌ನ ವಾಟ್ ಮತ್ತು ವೋಲ್ಟೇಜ್. ಎರಡನ್ನೂ ಒಂದೇ ದಿನ ಬದಲಿಸಿದರೆ ದೋಷ ಯಾರದೆಂದು ತಿಳಿಯುವುದಿಲ್ಲ. ಪ್ರತಿ ಬದಲಾವಣೆಯನ್ನೂ ಪುಸ್ತಕದಲ್ಲಿ ಬರೆದಿಡುತ್ತೇನೆ, ಮೊದಲ ಕಾಲಂನಲ್ಲಿ ಕೋಣೆಯ ಉಷ್ಣತೆ. ಅದಕ್ಕಾಗಿ ಕ್ಯಾಬಿನೆಟ್ ಗಾಳಿ ಎಳೆಯುವ ಕಡೆ ಒಂದು ಪುಟ್ಟ ಥರ್ಮಾಮೀಟರ್ ಅಂಟಿಸಿದ್ದೇನೆ.