ಬೇಲ್ ಸಿಕ್ಕಿದೆ, ಬಿಡುಗಡೆ ಯಾವಾಗ?

2022ರ ಕೊನೆಗೆ ನಮ್ಮ ದೇಶದ ಜೈಲುಗಳಲ್ಲಿ 5,73,220 ಮಂದಿ ಇದ್ದರು. ಅವರಲ್ಲಿ 4,34,302 ಮಂದಿ ವಿಚಾರಣಾಧೀನರು. ಅಂದರೆ ನಾಲ್ವರಲ್ಲಿ ಮೂವರ ಮೇಲಿನ ಆರೋಪ ಇನ್ನೂ ಸಾಬೀತಾಗಿರಲಿಲ್ಲ. ಬೇಲ್ ಸಿಗದವರು ಒಳಗಿರುತ್ತಾರೆ, ಅದು ಗೊತ್ತಿರುವ ವಿಷಯ. ಬೇಲ್ ಸಿಕ್ಕ ಮೇಲೂ ಒಳಗೇ ಉಳಿಯುವವರಿದ್ದಾರೆ. ಅವರ ಕಥೆ ಸ್ವಲ್ಪ ಹಳೆಯದು.

ಬಂಧನ, ಬೇಲ್, ವಿಚಾರಣೆ ಹೇಗೆ ನಡೆಯಬೇಕು ಅಂತ ಹೇಳುವ ಕಾನೂನು ಅಪರಾಧ ಪ್ರಕ್ರಿಯಾ ಸಂಹಿತೆ. 1898ರ ಸಂಹಿತೆ ಹೋಗಿ 1973ರದ್ದು ಬಂತು, ಅದೂ ಹೋಗಿ 2024ರ ಜುಲೈ 1ರಿಂದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆ ಬಂದಿದೆ. ಆದರೂ ಕೋರ್ಟಿನಲ್ಲಿ ಕೇಳುವ ಪ್ರಶ್ನೆ ಮಾತ್ರ ಬದಲಾಗಿಲ್ಲ: ಶ್ಯೂರಿಟಿ, ಅಂದರೆ ಆರೋಪಿ ಕೋರ್ಟಿಗೆ ಬರುತ್ತಾನೆ ಅಂತ ಹೊಣೆ ಹೊತ್ತು ಜಾಮೀನು ನಿಲ್ಲುವವರು ಯಾರು?

'ಬೇಲ್ ನಿಯಮ, ಜೈಲು ಅಪವಾದ' ಅನ್ನುವ ಮಾತು ಎಲ್ಲರ ಬಾಯಲ್ಲೂ ಇದೆ. ಅದರ ಬೇರು ಸುಪ್ರೀಂ ಕೋರ್ಟಿನ ನ್ಯಾಯಮೂರ್ತಿ ವಿ.ಆರ್. ಕೃಷ್ಣ ಅಯ್ಯರ್ ಅವರ 1977ರ ಒಂದು ಆದೇಶದಲ್ಲಿದೆ. ನನಗೆ ಹೆಚ್ಚು ಮುಖ್ಯ ಅನಿಸುವುದು ಅವರೇ ಮರುವರ್ಷ ಬರೆದ ತೀರ್ಪು. ಮಧ್ಯಪ್ರದೇಶದ ಬಡ ಗಾರೆ ಕೆಲಸಗಾರನೊಬ್ಬನಿಗೆ ಸುಪ್ರೀಂ ಕೋರ್ಟೇ ಬೇಲ್ ಕೊಟ್ಟಿತ್ತು. ಕೆಳಗಿನ ಕೋರ್ಟು 10,000 ರೂಪಾಯಿಯ ಶ್ಯೂರಿಟಿ ಕೇಳಿತು. 1978ರ 10,000, ನೆನಪಿರಲಿ! ಒಡಹುಟ್ಟಿದವನು ಜಾಮೀನು ನಿಲ್ಲಲು ಬಂದರೆ, ಆಸ್ತಿ ಬೇರೆ ಜಿಲ್ಲೆಯಲ್ಲಿದೆ ಅಂತ ವಾಪಸ್ ಕಳಿಸಿತು. ಆತ ಮತ್ತೆ ಸುಪ್ರೀಂ ಕೋರ್ಟಿನ ಬಾಗಿಲು ತಟ್ಟಬೇಕಾಯಿತು. ಕೊನೆಗೆ 1,000 ರೂಪಾಯಿಯ ಸ್ವಂತ ಬಾಂಡ್ ಮೇಲೆ, ಅಂದರೆ ಬೇರೆ ಯಾರ ಹೊಣೆಯೂ ಇಲ್ಲದೆ ಅವನೇ ಬರೆದುಕೊಡುವ ಮುಚ್ಚಳಿಕೆಯ ಮೇಲೆ, ಬಿಡಲು ಆದೇಶವಾಯಿತು.

1979ರಲ್ಲಿ ಬಿಹಾರದ ಜೈಲುಗಳ ಸುದ್ದಿ ಪತ್ರಿಕೆಯಲ್ಲಿ ಬಂತು. ಅದನ್ನು ಓದಿದ ವಕೀಲೆ ಕಪಿಲಾ ಹಿಂಗೋರಾನಿ ಸುಪ್ರೀಂ ಕೋರ್ಟಿಗೆ ಹೋದರು. ಆ ಜೈಲುಗಳಲ್ಲಿ ಕೆಲವರು, ತಪ್ಪು ಸಾಬೀತಾಗಿದ್ದರೆ ಆಗಬಹುದಾಗಿದ್ದ ಶಿಕ್ಷೆಗಿಂತಲೂ ಜಾಸ್ತಿ ಕಾಲ ವಿಚಾರಣೆಗೆ ಕಾಯುತ್ತಾ ಕೂತಿದ್ದರು. ಬೇಗ ವಿಚಾರಣೆ ನಡೆಯುವುದು ಜೀವ, ಸ್ವಾತಂತ್ರ್ಯ ಕಾಯುವ ಸಂವಿಧಾನದ 21ನೇ ವಿಧಿಯೊಳಗಿನ ಹಕ್ಕು ಅಂತ ನ್ಯಾಯಮೂರ್ತಿ ಪಿ.ಎನ್. ಭಗವತಿ ಅವರ ಪೀಠ ಹೇಳಿತು. ಊರಿನಲ್ಲಿ ಮನೆ, ಸಂಸಾರ, ಕೆಲಸ ಇರುವವನು ಸುಮ್ನೆ ಓಡಿಹೋಗುವುದಿಲ್ಲ, ಅವನನ್ನು ಸ್ವಂತ ಬಾಂಡ್ ಮೇಲೆ ಬಿಡಬಹುದು ಅಂತಲೂ ಹೇಳಿತು.

ತೀರ್ಪು ಪುಸ್ತಕ ಸೇರಿತು. ಕೋರ್ಟ್ ಹಾಲಿನಲ್ಲಿ ಮಾತ್ರ ಪಹಣಿ ಕೇಳುವುದು ನಿಲ್ಲಲಿಲ್ಲ. ಶ್ಯೂರಿಟಿಗೆ ಬರುವವರು ಜಮೀನಿನ ದಾಖಲೆ ತರಬೇಕು, ಒಂದು ದಿನದ ಕೂಲಿ ಬಿಟ್ಟು ಬರಬೇಕು. ಬೇರೆ ಊರಿನಿಂದ ದುಡಿಯಲು ಬಂದವನಿಗೆ ಇಲ್ಲಿ ಜಮೀನಿರುವ ಗೆಳೆಯ ಎಲ್ಲಿಂದ ಸಿಗಬೇಕು? ಹೀಗಾಗಿಯೇ ದುಡ್ಡು ಪಡೆದು ಜಾಮೀನು ನಿಲ್ಲುವವರು ಹುಟ್ಟಿಕೊಂಡರು. ಅವರನ್ನು ತಡೆಯಲು ಪರಿಶೀಲನೆ ಬಿಗಿಯಾಯಿತು. ನಿಜವಾದ ನೆಂಟರಿಗೂ ಅಲೆದಾಟ ಹೆಚ್ಚಿತು.

1973ರ ಸಂಹಿತೆಗೆ ಬಂದ 2005ರ ತಿದ್ದುಪಡಿ ಎರಡು ಕೆಲಸ ಮಾಡಿತು. ಬೇಲ್ ಹಕ್ಕಾಗಿ ಸಿಗುವಂಥ ಅಪರಾಧದಲ್ಲಿ ಒಂದು ವಾರದಲ್ಲಿ ಶ್ಯೂರಿಟಿ ತರಲಾಗದವನನ್ನು ಬಡವ ಅಂತಲೇ ಭಾವಿಸಿ ಬಿಡಬೇಕು ಅಂದಿತು. ಗರಿಷ್ಠ ಶಿಕ್ಷೆಯ ಅರ್ಧ ಕಾಲ ಒಳಗೆ ಕಳೆದವನಿಗೂ ಹೊರಬರುವ ದಾರಿ ತೋರಿಸಿತು. ಡ್ರಗ್ಸ್, ಭಯೋತ್ಪಾದನೆ, ಅಕ್ರಮ ಹಣ ವರ್ಗಾವಣೆಯ ಕಾಯ್ದೆಗಳಲ್ಲಿ ಬೇಲ್ ಸಿಗುವುದೇ ಕಷ್ಟ. ಅದು ಬೇರೆಯೇ ಲೇಖನ.

2023ರಲ್ಲಿ ಸುಪ್ರೀಂ ಕೋರ್ಟ್ ಇನ್ನೊಂದು ಆದೇಶ ಮಾಡಿತು. ಬೇಲ್ ಸಿಕ್ಕ ಏಳು ದಿನದಲ್ಲಿ ಕೈದಿ ಹೊರಬರದಿದ್ದರೆ ಜೈಲು ಅಧಿಕಾರಿ, ಬಡವರಿಗೆ ಉಚಿತ ಕಾನೂನು ನೆರವು ಕೊಡುವ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರಕ್ಕೆ ತಿಳಿಸಬೇಕು. ಅದೇ ವರ್ಷ ಬಡ ಕೈದಿಗಳ ಬೇಲ್‌ಗೆ 40,000 ರೂಪಾಯಿವರೆಗೆ ನೆರವು ಕೊಡುವ ಕೇಂದ್ರದ ಯೋಜನೆಯೂ ಬಂತು. ಆದರೆ ಕೋರ್ಟು ಕೇಳುವುದು ಬರೀ ದುಡ್ಡಲ್ಲ, ಒಬ್ಬ ಮನುಷ್ಯನನ್ನೂ ಕೇಳುತ್ತದೆ ಅಲ್ವಾ?

ಹೊಸ ಸಂಹಿತೆಯ 479ನೇ ಕಲಮಿನಲ್ಲಿ ಹಿಂದೆ ಯಾವ ಅಪರಾಧವೂ ಸಾಬೀತಾಗದವನಿಗೆ ಗರಿಷ್ಠ ಶಿಕ್ಷೆಯ ಅರ್ಧದ ಬದಲು ಮೂರನೇ ಒಂದು ಭಾಗ ಒಳಗೆ ಕಳೆದಿದ್ದರೆ ಸಾಕು. ಅವನನ್ನು 'ಬಾಂಡ್' ಮೇಲೆ ಬಿಡಬೇಕು ಅಂತಿದೆ. ಇದೇ ಸಂಹಿತೆಯ ಎರಡನೇ ಕಲಮಿನ ಪ್ರಕಾರ ಬಾಂಡ್ ಅಂದರೆ ಶ್ಯೂರಿಟಿ ಇಲ್ಲದ ಮುಚ್ಚಳಿಕೆ. ಗಾರೆ ಕೆಲಸಗಾರನಿಗೆ 1978ರಲ್ಲಿ ಸಿಕ್ಕಿದ್ದು ಇದೇ. ಮರಣದಂಡನೆ, ಜೀವಾವಧಿಯ ಕೇಸುಗಳಿಗೆ ಇದಿಲ್ಲ. ಒಂದಕ್ಕಿಂತ ಹೆಚ್ಚು ಕೇಸು ಬಾಕಿ ಇದ್ದರೂ ಇಲ್ಲ. ಉಳಿದವರ ಪರವಾಗಿ ಕೋರ್ಟಿಗೆ ಅರ್ಜಿ ಬರೆಯಬೇಕಾದವರು ಜೈಲು ಸೂಪರಿಂಟೆಂಡೆಂಟ್.